ಹಳೇ ಡೀಸೆಲ್ ಪಿಕಪ್‌ನ ಕ್ಯಾಬಿನ್‌ನಲ್ಲಿ ವಿಪರೀತ ಸದ್ದೇ? ಶೀಟ್ ಅಂಟಿಸುವ ಮೊದಲು ಇಷ್ಟು ನೋಡಿ

ದೆಹಲಿಗೆ ಅಂಟಿಕೊಂಡಿರುವ ಹರಿಯಾಣದ ಫರೀದಾಬಾದ್ ಯಂತ್ರಗಳ ಊರು. ಟ್ರ್ಯಾಕ್ಟರ್ ಕಾರ್ಖಾನೆಯ ಹೆಸರನ್ನೇ ಹೊತ್ತ ಎಸ್ಕಾರ್ಟ್ಸ್ ಮುಜೇಸರ್ ಎಂಬ ಮೆಟ್ರೊ ನಿಲ್ದಾಣ ಇಲ್ಲಿದೆ. ಪಕ್ಕದ ಬಲ್ಲಭಗಢದಲ್ಲಿ ಜೆಸಿಬಿ ತಯಾರಾಗುತ್ತದೆ. ಸುತ್ತಮುತ್ತಲಿನ ಸಣ್ಣ ಕಾರ್ಖಾನೆಗಳಲ್ಲಿ ತಯಾರಾಗುವ ಬಿಡಿಭಾಗಗಳನ್ನು ಹೊತ್ತು ಮಥುರಾ ರಸ್ತೆಯಲ್ಲಿ ಬದರ್‌ಪುರ ಗಡಿಯತ್ತ ಸಾಗುವ ವಾಹನಗಳಲ್ಲಿ ಬೊಲೆರೊ ಪಿಕಪ್, ಟಾಟಾ 207, ಟಾಟಾ ಏಸ್, ದೋಸ್ತ್‌ಗಳದ್ದೇ ದೊಡ್ಡ ಪಾಲು. ಇವುಗಳಲ್ಲಿ ಏಳೆಂಟು ವರ್ಷ ಓಡಿದ ಗಾಡಿಯೊಂದರೊಳಗೆ ಕುಳಿತು ನೋಡಿ. ಪಕ್ಕದಲ್ಲಿ ಕುಳಿತವರ ಜೊತೆ ಮಾತಾಡಬೇಕೆಂದರೂ ಕೂಗಬೇಕಾಗುತ್ತದೆ.

ಇದಕ್ಕೆ ಮಾರುಕಟ್ಟೆಯಲ್ಲಿ ಸಿದ್ಧ ಉತ್ತರವಿದೆ: 'ಡ್ಯಾಂಪಿಂಗ್ ಶೀಟ್ ಹಾಕಿಸಿ, ಗಾಡಿ ಕಾರಿನಂತಾಗುತ್ತದೆ'. ಆದರೆ ಹಳೆಯ ಡೀಸೆಲ್ ಗಾಡಿಯಲ್ಲಿ ಸದ್ದು ಎಂದರೆ ಬಹುಪಾಲು ಒಂದು ದೂರು. ಯಾವುದೋ ರಬ್ಬರ್ ಸತ್ತಿದೆ, ಯಾವುದೋ ಜಾಯಿಂಟ್ ಬಿಟ್ಟಿದೆ, ಎಲ್ಲೋ ತೂತಾಗಿದೆ ಎಂದು ಗಾಡಿ ಹೇಳುತ್ತಿರುತ್ತದೆ. ಆ ದೂರನ್ನು ಕೇಳಿಸಿಕೊಳ್ಳದೆ ಮೇಲೆ ಶೀಟ್ ಅಂಟಿಸಿದರೆ ಹಣವೂ ಹೋಗುತ್ತದೆ, ಸದ್ದೂ ಉಳಿಯುತ್ತದೆ.

ಮೊದಲು ಗಾಡಿಯ ಆಯಸ್ಸು ನೋಡಿ

ಫರೀದಾಬಾದ್‌ನಲ್ಲಿ ಹಳೇ ಡೀಸೆಲ್ ಗಾಡಿಗೆ ಖರ್ಚು ಮಾಡುವವರು ಸ್ಪ್ಯಾನರ್ ಹಿಡಿಯುವ ಮುನ್ನ ಆರ್‌ಸಿ ತೆಗೆದು ನೋಡಬೇಕು. ದೆಹಲಿ ಮತ್ತು ರಾಷ್ಟ್ರ ರಾಜಧಾನಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನ ಓಡಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತ್ತು. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್ 12ರಂದು ಅದೇ ಕೋರ್ಟ್, ಕೇವಲ ವಯಸ್ಸಿನ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕಿಂತ ಹೊಸ ಗಾಡಿಗಳಿಗೆ ಸೀಮಿತಗೊಳಿಸಿತು.

ಸರಕು ಸಾಗಿಸುವವರಿಗೆ ಇನ್ನೊಂದು ಗಡುವೂ ಇದೆ. ಹರಿಯಾಣ ನೋಂದಣಿಯ ಬಿಎಸ್-4 ಸರಕು ವಾಹನಗಳಿಗೆ ದೆಹಲಿಯೊಳಗೆ ಹೋಗಲು ಕೊಟ್ಟಿರುವ ವಿನಾಯಿತಿ 2026ರ ಅಕ್ಟೋಬರ್ 31ರವರೆಗೆ ಮಾತ್ರ. ಚಳಿಗಾಲದಲ್ಲಿ ಮಾಲಿನ್ಯ ಏರಿದಾಗ ಬೀಳುವ ನಿರ್ಬಂಧಗಳು ಬೇರೆ. ಗಾಡಿ ದಿನವೂ ಓಖ್ಲಾಕ್ಕೋ ಆಜಾದ್‌ಪುರ ಮಂಡಿಗೋ ಹೋಗಬೇಕಿದ್ದರೆ, ಇನ್ನೆಷ್ಟು ತಿಂಗಳು ಅದರಲ್ಲಿ ದುಡಿಯಬಹುದು ಎಂಬುದರ ಮೇಲೆ ಖರ್ಚಿನ ಮಿತಿ ಇಟ್ಟುಕೊಳ್ಳುವುದು ಜಾಣತನ. ರಬ್ಬರ್ ಮೌಂಟಿಂಗ್, ಬೀಡಿಂಗ್, ಗ್ಯಾಸ್ಕೆಟ್ ಬದಲಿಸಿದ ಹಣ ಕೆಲವೇ ತಿಂಗಳಾದರೂ ಕೆಲಸಕ್ಕೆ ಬರುತ್ತದೆ. ಇಡೀ ಕ್ಯಾಬಿನ್‌ಗೆ ಹೊದಿಕೆ ಹಾಕಿಸಿದ ಹಣ ಗಾಡಿ ಮಾರುವಾಗ ವಾಪಸ್ ಬರುವುದಿಲ್ಲ.

ಕಿವಿಯ ಲೆಕ್ಕ

ಹಾಗಂತ ಸದ್ದನ್ನು ಸಹಿಸಿಕೊಂಡು ಹೋಗಿ ಎಂದರ್ಥವಲ್ಲ. ಡೆಸಿಬಲ್ ಲೆಕ್ಕ ಸಾಮಾನ್ಯ ಕೂಡಿಸು-ಕಳೆಯುವ ಲೆಕ್ಕದಂತಿಲ್ಲ. 3 ಡೆಸಿಬಲ್ ಹೆಚ್ಚಿದರೆ ಶಬ್ದದ ಶಕ್ತಿ ದುಪ್ಪಟ್ಟಾಗುತ್ತದೆ. 10 ಡೆಸಿಬಲ್ ಹೆಚ್ಚಿದರೆ ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ. ಔದ್ಯೋಗಿಕ ಆರೋಗ್ಯ ತಜ್ಞರು ವ್ಯಾಪಕವಾಗಿ ಬಳಸುವ ಮಿತಿ ದಿನಕ್ಕೆ 8 ಗಂಟೆಗೆ 85 ಡೆಸಿಬಲ್. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿಕೆಗೆ ಸಮಯ ಅರ್ಧಕ್ಕಿಳಿಯುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ನಮ್ಮ ಕಾರ್ಖಾನೆ ನಿಯಮಗಳು 8 ಗಂಟೆಗೆ 90 ಡೆಸಿಬಲ್‌ವರೆಗೆ ಬಿಡುತ್ತವೆ. ಆದರೆ ಪಿಕಪ್‌ನ ಕ್ಯಾಬಿನ್ ಕಾರ್ಖಾನೆಯಲ್ಲ. ಅಲ್ಲಿ ಅಳೆದು ನೋಡಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ, ಚಾಲಕ ತಾನೇ ನೋಡಿಕೊಳ್ಳಬೇಕು.

ಸಂಜೆ ಗಾಡಿಯಿಂದ ಇಳಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ, ಮನೆಯವರು 'ಟಿವಿ ಸೌಂಡ್ ಯಾಕಿಷ್ಟು?' ಎಂದು ಕೇಳಲು ಶುರು ಮಾಡಿದ್ದರೆ ಅದು ಎಚ್ಚರಿಕೆಯ ಗಂಟೆ. ಎಂಜಿನ್ ಸದ್ದನ್ನು ಮೀರಿಸಲು ಹಾಡಿನ ಸೌಂಡ್ ಏರಿಸುವುದು ಎಲ್ಲಕ್ಕಿಂತ ಕೆಟ್ಟ ಉಪಾಯ, ಕಿವಿಗೆ ಎರಡೂ ಸೇರಿ ಬೀಳುತ್ತವೆ.

ಫೋನ್‌ನಲ್ಲಿ ಉಚಿತವಾಗಿ ಸಿಗುವ ಸೌಂಡ್ ಮೀಟರ್ ಆ್ಯಪ್ ನಿಖರವಲ್ಲ. ಆದರೆ ಹೋಲಿಕೆಗೆ ಸಾಕು. ಒಂದೇ ಫೋನ್, ಸೀಟಿನ ಪಕ್ಕ ಕಿವಿಯ ಎತ್ತರದಲ್ಲಿ ಒಂದೇ ಜಾಗ, ಒಂದೇ ರಸ್ತೆ, ಒಂದೇ ವೇಗ, ಗಾಜು ಮುಚ್ಚಿ. ಫೋನ್ ಹಿಡಿಯುವುದು ಪಕ್ಕದವರ ಕೆಲಸ, ಚಾಲಕನದ್ದಲ್ಲ. ನಿಂತಲ್ಲಿ ಐಡ್ಲಿಂಗ್‌ನಲ್ಲಿ ಒಂದು, 40 ಕಿ.ಮೀ. ವೇಗದಲ್ಲಿ ಒಂದು, 60ರಲ್ಲಿ ಒಂದು ಅಳತೆ ಬರೆದಿಡಿ. ಪ್ರತಿ ರಿಪೇರಿಯ ನಂತರ ಮತ್ತೆ ಅಳೆದರೆ ಯಾವುದಕ್ಕೆ ಕೊಟ್ಟ ಹಣ ಕೆಲಸ ಮಾಡಿತು ಎಂದು ಗೊತ್ತಾಗುತ್ತದೆ.

ಡೀಸೆಲ್ ಎಂಜಿನ್ ಯಾಕೆ ಬಡಿದುಕೊಳ್ಳುತ್ತದೆ?

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿ ಬಿಸಿ ಮಾಡಿ, ಅದರೊಳಕ್ಕೆ ಡೀಸೆಲ್ ಸಿಂಪಡಿಸಿದಾಗ ಅದು ತಾನೇ ಹೊತ್ತಿಕೊಳ್ಳುತ್ತದೆ. ಸಿಂಪಡಿಸುವುದಕ್ಕೂ ಹೊತ್ತಿಕೊಳ್ಳುವುದಕ್ಕೂ ನಡುವೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಸಮಯದ ಅಂತರವಿದೆ. ಆ ಅಂತರದಲ್ಲಿ ಸೇರಿಕೊಂಡ ಡೀಸೆಲ್ ಒಮ್ಮೆಲೇ ಉರಿದಾಗ ಒತ್ತಡ ದಿಢೀರ್ ಏರಿ ಇಡೀ ಎಂಜಿನ್ ಬ್ಲಾಕ್ ಸುತ್ತಿಗೆಯಿಂದ ಹೊಡೆದಂತೆ ಅದುರುತ್ತದೆ. 'ಟಕ ಟಕ' ಎನ್ನುವ ಡೀಸೆಲ್ ಸದ್ದು ಇದೇ. ಎಂಜಿನ್ ತಣ್ಣಗಿದ್ದಷ್ಟೂ ಆ ಅಂತರ ದೊಡ್ಡದಾಗುತ್ತದೆ. ಆದ್ದರಿಂದಲೇ ಫರೀದಾಬಾದ್‌ನ ಜನವರಿಯ ಬೆಳಗಿನಲ್ಲಿ ಸ್ಟಾರ್ಟ್ ಮಾಡಿದ ಗಾಡಿ ಮಧ್ಯಾಹ್ನಕ್ಕಿಂತ ಹೆಚ್ಚು ಬಡಿದುಕೊಳ್ಳುತ್ತದೆ. ಕಾಮನ್ ರೈಲ್ ಎಂಜಿನ್‌ಗಳು ಮುಖ್ಯ ಸಿಂಪಡಣೆಗೆ ಮುನ್ನ ಚಿಟಿಕೆಯಷ್ಟು ಡೀಸೆಲ್ ಸಿಂಪಡಿಸಿ ಉರಿ ಹೊತ್ತಿಸಿಕೊಳ್ಳುವುದರಿಂದ ಅವುಗಳ ಏಟು ಮೆತ್ತಗಿರುತ್ತದೆ. ಹಳೆಯ ಮೆಕ್ಯಾನಿಕಲ್ ಪಂಪ್‌ನ ಗಾಡಿಗೆ ಆ ಸೌಲಭ್ಯವಿಲ್ಲ.

ಹೀಗಾಗಿ ಹುಟ್ಟುವ ಸದ್ದನ್ನು ಪೂರ್ತಿ ನಿಲ್ಲಿಸಲಾಗದು. ಆದರೆ ನಾಝಲ್ ಸೋರುತ್ತಿದ್ದರೆ, ಪಂಪ್ ಟೈಮಿಂಗ್ ತಪ್ಪಿದ್ದರೆ ಸದ್ದು ಇರಬೇಕಾದದ್ದಕ್ಕಿಂತ ಹೆಚ್ಚಿರುತ್ತದೆ, ಜೊತೆಗೆ ಹೊಗೆ ಹೆಚ್ಚು, ಮೈಲೇಜ್ ಕಡಿಮೆ. ಡೀಸೆಲ್ ಪಂಪ್ ಅಂಗಡಿಯಲ್ಲಿ ನಾಝಲ್ ಪರೀಕ್ಷಿಸುವ ಕೆಲಸವನ್ನು ಸದ್ದಿನ ಖರ್ಚು ಎಂದು ಬರೆದುಕೊಳ್ಳಬೇಕಾಗಿಲ್ಲ, ಇಂಧನದಲ್ಲೇ ಅದು ವಾಪಸ್ ಬರುತ್ತದೆ. ಸದ್ದು ಕಡಿಮೆ ಮಾಡುತ್ತದೆ ಎಂದು ಮಾರುವ ಬಾಟಲಿಗಳಿಗೆ ಅಷ್ಟೇ ಖಾತರಿ ಇಲ್ಲ. ನಮ್ಮ ಬಂಕ್‌ಗಳ ಬಿಎಸ್-6 ಡೀಸೆಲ್‌ಗೆ ಕನಿಷ್ಠ 51 ಸೀಟೇನ್ ಸಂಖ್ಯೆ ಇರಲೇಬೇಕು. ಬೇಗ ಹೊತ್ತಿಕೊಳ್ಳುವ ಗುಣ ಅದರಲ್ಲಿ ಆಗಲೇ ಇದೆ.

ರಬ್ಬರ್ ಗಟ್ಟಿಯಾದರೆ ಕ್ಯಾಬಿನ್ ತಮಟೆ

ಎಂಜಿನ್‌ನ ಸದ್ದು ಕ್ಯಾಬಿನ್‌ಗೆ ಬರುವುದು ಎರಡು ದಾರಿಯಲ್ಲಿ. ಒಂದು, ಗಾಳಿಯ ಮೂಲಕ. ಇನ್ನೊಂದು, ಕಬ್ಬಿಣದ ಮೂಲಕ. ಹಳೇ ಗಾಡಿಯಲ್ಲಿ ಹೆಚ್ಚು ಕಾಡುವುದು, ಆದರೆ ಹೆಚ್ಚಿನವರು ಮರೆಯುವುದು ಎರಡನೆಯದನ್ನು.

ಎಂಜಿನ್ ಮತ್ತು ಗೇರ್‌ಬಾಕ್ಸ್ ಚಾಸಿ ಮೇಲೆ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕೂತಿರುತ್ತವೆ. ಉತ್ತರ ಭಾರತದ ಗ್ಯಾರೇಜ್‌ಗಳಲ್ಲಿ ಇದಕ್ಕೆ 'ಫೌಂಡೇಶನ್' ಎನ್ನುತ್ತಾರೆ. ಎಂಜಿನ್‌ನ ಬಿಸಿ, ಸೋರಿದ ಆಯಿಲ್, ವರ್ಷಗಳ ಭಾರ ಸೇರಿ ಈ ರಬ್ಬರ್ ಕಲ್ಲಾಗುತ್ತದೆ ಅಥವಾ ಸೀಳುತ್ತದೆ. ಆಗ ಎಂಜಿನ್‌ನ ಅದುರು ನೇರವಾಗಿ ಚಾಸಿಗೆ, ಚಾಸಿಯಿಂದ ಕ್ಯಾಬಿನ್‌ನ ತಗಡಿಗೆ ಇಳಿದು ತಗಡು ತಮಟೆಯಂತೆ ಬಾರಿಸುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 1,800 ಸುತ್ತು ತಿರುಗುವಾಗ ಸೆಕೆಂಡಿಗೆ 60 ಬಾರಿ ಉರಿಯ ಏಟು ಬೀಳುತ್ತದೆ. ಎದೆಯಲ್ಲಿ ಗುಮ್ಮೆನ್ನುವ ಆ ತಗ್ಗಿನ ಸದ್ದನ್ನು ಮೂರು ಮಿಲಿಮೀಟರ್ ಶೀಟ್ ತಡೆಯುವುದಿಲ್ಲ. ಫೋನ್ ಆ್ಯಪ್ ಕೂಡ ಅದನ್ನು ಸರಿಯಾಗಿ ತೋರಿಸುವುದಿಲ್ಲ. ತಲೆ ಭಾರವಾಗುವುದರಲ್ಲಿ, ದಣಿವಿನಲ್ಲಿ ಅದು ಗೊತ್ತಾಗುತ್ತದೆ.

ಪರೀಕ್ಷೆ ಸುಲಭ. ಐಡ್ಲಿಂಗ್‌ನಲ್ಲಿ ಸ್ಟೀರಿಂಗ್, ಕನ್ನಡಿ, ಡ್ಯಾಶ್‌ಬೋರ್ಡ್ ಅದುರುತ್ತವೆಯೇ? ಸ್ವಲ್ಪ ಆಕ್ಸಿಲರೇಟರ್ ಕೊಟ್ಟ ತಕ್ಷಣ ಅದುರು ನಿಲ್ಲುತ್ತದೆಯೇ? ಆಫ್ ಮಾಡುವಾಗ ಎಂಜಿನ್ ಧಡ್ ಎಂದು ಒದೆಯುತ್ತದೆಯೇ? ಹೌದಾದರೆ ಮೊದಲ ಅನುಮಾನ ಮೌಂಟಿಂಗ್ ಮೇಲೆ. ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು, ಉಳಿದವು ಹಳೆಯವು ಎಂದರೆ ಹೊಸದರ ಮೇಲೆ ಭಾರ ಬಿದ್ದು ಅದೂ ಬೇಗ ಹೋಗುತ್ತದೆ. ಅಗ್ಗದ ನಕಲಿ ಮೌಂಟಿಂಗ್‌ನ ರಬ್ಬರ್ ಮೊದಲ ದಿನದಿಂದಲೇ ಗಟ್ಟಿಯಾಗಿರಬಹುದು, ಆದ್ದರಿಂದ ಇಲ್ಲಿ ಕಂಪನಿಯ ಬಿಡಿಭಾಗಕ್ಕೇ ಹೋಗುವುದು ಒಳ್ಳೆಯದು. ಹಾಗೆಯೇ ಕ್ಯಾಬಿನ್ ಕೂತಿರುವ ರಬ್ಬರ್, ಸೈಲೆನ್ಸರ್ ನೇತುಹಾಕಿರುವ ರಬ್ಬರ್, ಸರಕಿನ ಬಾಡಿಗೂ ಚಾಸಿಗೂ ನಡುವಿನ ಪ್ಯಾಕಿಂಗ್ ನೋಡಿ. ಸೈಲೆನ್ಸರ್ ರಬ್ಬರ್ ಹರಿದಿದ್ದಕ್ಕೆ ತಂತಿಯಿಂದ ಬಿಗಿದು ಕಟ್ಟಿರುವುದು ನಮ್ಮ ಗಾಡಿಗಳಲ್ಲಿ ಸಾಮಾನ್ಯ ದೃಶ್ಯ. ಆ ತಂತಿ ಸೈಲೆನ್ಸರ್‌ನ ಅದುರನ್ನು ಅಷ್ಟೂ ಚಾಸಿಗೆ ದಾಟಿಸುತ್ತದೆ.

ಸೈಲೆನ್ಸರ್ ಸೋರಿಕೆ: ಸದ್ದಿಗಿಂತ ಹೊಗೆ ಅಪಾಯ

ಬೆಳಗ್ಗೆ ತಣ್ಣನೆಯ ಸ್ಟಾರ್ಟ್‌ನಲ್ಲಿ ಎಂಜಿನ್ ಪಕ್ಕದಿಂದ 'ಚಫ್ ಚಫ್' ಸದ್ದು ಬಂದು, ಬಿಸಿಯಾದ ಮೇಲೆ ಕಡಿಮೆಯಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಬಿಟ್ಟಿರುವ ಸಾಧ್ಯತೆ ಹೆಚ್ಚು. ಜಾಯಿಂಟ್‌ಗಳ ಸುತ್ತ ಕಪ್ಪು ಮಸಿಯ ಗೆರೆ ಕಾಣುತ್ತದೆ. ಈ ಸೋರಿಕೆ ಇಟ್ಟುಕೊಂಡು ಕ್ಯಾಬಿನ್ ಮುಚ್ಚಿ ಓಡಿಸುವುದು ಸರಿಯಲ್ಲ. ಡೀಸೆಲ್ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಸೈಲೆನ್ಸರ್ ಒಳಗಿನ ತಗಡು ಕೊಳೆತು ಗಡಗಡ ಎನ್ನುತ್ತಿದ್ದರೆ ಬೆಸುಗೆ ಹಾಕಿಸಿ ಕಾಲ ತಳ್ಳುವುದಕ್ಕಿಂತ ಬದಲಿಸುವುದೇ ಲೇಸು. ತೂತಾದ ಸೈಲೆನ್ಸರ್ ಊರಿಗೂ ತೊಂದರೆ. ಶಬ್ದ ಮಾಲಿನ್ಯದ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಪ್ರಕಾರ 10,000 ರೂಪಾಯಿವರೆಗೆ ದಂಡ ಬೀಳಬಹುದು.

ಇನ್ನು ಏರ್ ಫಿಲ್ಟರ್ ಡಬ್ಬಿ. ಕ್ಲಿಪ್ ಮುರಿದು ಮುಚ್ಚಳ ಬಾಯಿ ಬಿಟ್ಟಿದ್ದರೆ ಎಂಜಿನ್ ಗಾಳಿ ಎಳೆಯುವ ಗುರ್ ಎಂಬ ಸದ್ದು ಕೇಳುತ್ತದೆ, ಜೊತೆಗೆ ಫರೀದಾಬಾದ್‌ನ ಧೂಳು ನೇರ ಸಿಲಿಂಡರ್‌ಗೆ ಹೋಗುತ್ತದೆ. ರೇಡಿಯೇಟರ್ ಫ್ಯಾನ್‌ನಲ್ಲಿ ವಿಸ್ಕಸ್ ಕಪ್ಲಿಂಗ್ ಇರುವ ಗಾಡಿಗಳಲ್ಲಿ ಅದು ಜಾಮ್ ಆದರೆ ಫ್ಯಾನ್ ಸದಾ ಪೂರ್ಣ ವೇಗದಲ್ಲಿ ತಿರುಗಿ ಬಿರುಗಾಳಿಯಂತೆ ಕೂಗುತ್ತದೆ. ಎಂಜಿನ್ ಸದ್ದೆಂದು ತಿಳಿದು ಅದನ್ನು ವರ್ಷಗಟ್ಟಲೆ ಸಹಿಸಿಕೊಂಡವರಿದ್ದಾರೆ.

ಸದ್ದು ಎಂಜಿನ್‌ನದ್ದೋ ಚಕ್ರದ್ದೋ ತಿಳಿಯಲು ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ನಾಲ್ಕನೇ ಗೇರ್‌ನಲ್ಲೊಮ್ಮೆ, ಐದನೇ ಗೇರ್‌ನಲ್ಲೊಮ್ಮೆ ಓಡಿಸಿ. ಗೇರ್ ಬದಲಾದಾಗ ಸದ್ದೂ ಬದಲಾದರೆ ಎಂಜಿನ್ ಕಡೆಯದ್ದು. ಬದಲಾಗದೆ ವೇಗದ ಜೊತೆಗಷ್ಟೇ ಏರಿಳಿದರೆ ಟೈರ್, ವೀಲ್ ಬೇರಿಂಗ್, ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ ಅಥವಾ ಸೆಂಟರ್ ಬೇರಿಂಗ್ ನೋಡಿಸಿ. ಬೇರಿಂಗ್ ಮತ್ತು ಕ್ರಾಸ್ ವಿಚಾರದಲ್ಲಿ ತಡ ಮಾಡಬೇಡಿ, ಅವು ಮುರಿದರೆ ಅಪಘಾತ.

ಹಿಡಿಯಷ್ಟು ತೂತಿನ ಕರಾಮತ್ತು

ಈಗ ಗಾಳಿಯ ದಾರಿಗೆ ಬರೋಣ. ಎಂಜಿನ್‌ಗೂ ಕ್ಯಾಬಿನ್‌ಗೂ ನಡುವೆ ಒಂದು ಚದರ ಮೀಟರ್ ತಗಡಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಒಂದೇ ತೂತಿದ್ದರೂ ಅದು ಒಟ್ಟು ಜಾಗದ ಶೇ 1. ಅಷ್ಟು ತೂತು ಸಾಕು, ಉಳಿದ ಶೇ 99 ಭಾಗಕ್ಕೆ ಎಷ್ಟೇ ದುಬಾರಿ ಹೊದಿಕೆ ಹಾಕಿದರೂ ಆ ಗೋಡೆ 20 ಡೆಸಿಬಲ್‌ಗಿಂತ ಹೆಚ್ಚು ತಡೆಯಲಾರದು. ಗೇರ್ ಲಿವರ್ ಕೆಳಗಿನ ರಬ್ಬರ್ ಬೂಟ್ ಹರಿದಿದ್ದರೆ ಆಗುವ ತೂತಿನ ಅಳತೆ ಹೆಚ್ಚುಕಡಿಮೆ ಅಷ್ಟೇ.

ಆದ್ದರಿಂದ ಶೀಟ್‌ಗಿಂತ ಮೊದಲು ತೂತು ಮುಚ್ಚಿ. ರಾತ್ರಿ ಕತ್ತಲಲ್ಲಿ ಒಬ್ಬರು ಕ್ಯಾಬಿನ್ ಒಳಗೆ ಕುಳಿತು, ಇನ್ನೊಬ್ಬರು ಬಾನೆಟ್ ಕಡೆಯಿಂದ ಮತ್ತು ಗಾಡಿಯ ಅಡಿಯಿಂದ ಟಾರ್ಚ್ ಬಿಟ್ಟರೆ ಬೆಳಕು ಎಲ್ಲೆಲ್ಲಿ ಒಳಬರುತ್ತದೆ ಎಂದು ಕಾಣುತ್ತದೆ. ಎಂಜಿನ್ ಆಫ್ ಇರಲಿ, ಜಾಕ್ ಮೇಲೆ ನಿಲ್ಲಿಸಿದ ಗಾಡಿಯ ಅಡಿ ತೂರಬೇಡಿ. ವೈರಿಂಗ್ ಹಾದು ಬರುವ ಗ್ರೋಮೆಟ್, ಕ್ಲಚ್ ಮತ್ತು ಬ್ರೇಕ್ ಪೆಡಲ್ ಬಳಿ, ಸ್ಟೀರಿಂಗ್ ಕಾಲಂ ತಳ, ಹಿಂದೆಂದೋ ಹಾರ್ನ್‌ಗೋ ಮ್ಯೂಸಿಕ್ ಸಿಸ್ಟಂಗೋ ಕೊರೆದು ಬಿಟ್ಟ ತೂತು, ತುಕ್ಕು ತಿಂದ ಫ್ಲೋರ್ ಮೂಲೆ, ಇವೇ ಸಾಮಾನ್ಯ ಜಾಗಗಳು. ಬಾಗಿಲಿನ ಬೀಡಿಂಗ್‌ಗೆ ಕಾಗದದ ಪರೀಕ್ಷೆ: ಒಂದು ಹಾಳೆ ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಬೀಡಿಂಗ್ ಸತ್ತಿದೆ, ಇಲ್ಲವೇ ಬಾಗಿಲಿನ ಲಾಕ್ ಹೊಂದಾಣಿಕೆ ತಪ್ಪಿದೆ.

ಟಾಟಾ ಏಸ್, ದೋಸ್ತ್‌ನಂಥ ಗಾಡಿಗಳ ಕಥೆ ಬೇರೆ. ಇವುಗಳಲ್ಲಿ ಎಂಜಿನ್ ಮುಂದೆ ಬಾನೆಟ್ ಒಳಗಿಲ್ಲ, ಸೀಟಿನ ಅಡಿಯಲ್ಲಿದೆ. ಸೀಟು ಎತ್ತಿದರೆ ಸಿಗುವ ಮುಚ್ಚಳದ ಅಂಚಿನ ರಬ್ಬರ್ ಮತ್ತು ಕ್ಲ್ಯಾಂಪ್ ಇಲ್ಲಿ ಮುಖ್ಯ. ಸರ್ವಿಸ್ ಮಾಡಿದಾಗಲೆಲ್ಲ ಅದನ್ನು ತೆಗೆದು ಹಾಕುವುದರಿಂದ ರಬ್ಬರ್ ಬೇಗ ಹಾಳಾಗುತ್ತದೆ. ಅದೊಂದನ್ನು ಸರಿಪಡಿಸಿದರೆ ಸದ್ದಿನ ಜೊತೆ ಸೀಟಿನಡಿಯ ಬಿಸಿಯೂ ಇಳಿಯುತ್ತದೆ. ಮೇ ತಿಂಗಳ ಫರೀದಾಬಾದ್‌ನಲ್ಲಿ ಚಾಲಕರಿಗೆ ಸದ್ದಿಗಿಂತ ಆ ಬಿಸಿಯೇ ದೊಡ್ಡ ತಲೆನೋವು.

ಶೀಟ್ ಹಾಕುವುದಾದರೆ

ಇಷ್ಟೆಲ್ಲ ಮಾಡಿದ ಮೇಲೂ ಸದ್ದು ಉಳಿದರೆ ಶೀಟ್‌ನ ಸರದಿ. ಇಲ್ಲಿ ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ಎಂದು ಮಾರಲಾಗುತ್ತದೆ. ಅಲ್ಯೂಮಿನಿಯಂ ಹಾಳೆ ಹೊದ್ದ ಬ್ಯೂಟೈಲ್ ರಬ್ಬರ್ ಶೀಟ್ ತಗಡಿನ ಅದುರು ನಿಲ್ಲಿಸಲು. ಅದನ್ನು ತಗಡಿನ ಪೂರ್ತಿ ಮೈಗೆ ಹಾಕಬೇಕಿಲ್ಲ. ಬೆರಳಿನಿಂದ ತಟ್ಟಿದಾಗ ಡಣ್ ಎನ್ನುವ ದೊಡ್ಡ ಚಪ್ಪಟೆ ಜಾಗಗಳ ಮಧ್ಯಭಾಗದಲ್ಲಿ ಕಾಲು ಅಥವಾ ಅರ್ಧದಷ್ಟು ಮುಚ್ಚಿದರೆ ಹೆಚ್ಚಿನ ಲಾಭ ಸಿಕ್ಕಿರುತ್ತದೆ. ಸದ್ದನ್ನು ತಡೆಯುವ ಕೆಲಸ ಭಾರವಾದ ವಿನೈಲ್ ಹಾಸಿನದು. ಅದನ್ನು ಫೋಮ್ ಪದರದ ಮೇಲೆ, ನೆಲದ ಮ್ಯಾಟ್ ಅಡಿ ಹಾಸಬೇಕು, ಆದಷ್ಟು ತುಂಡಿಲ್ಲದಂತೆ. ಮೂರನೆಯದು ಒಳಗಿನ ಪ್ರತಿಧ್ವನಿ ಹೀರುವ ಫೆಲ್ಟ್. ಪಿಕಪ್ ಕ್ಯಾಬಿನ್‌ನ ಹಿಂಗೋಡೆ ಮತ್ತು ಮೇಲ್ಛಾವಣಿ ಬರೀ ತಗಡಾಗಿರುವುದರಿಂದ ಅಲ್ಲಿ ದಪ್ಪ ಫೆಲ್ಟ್ ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ.

ಕಟ್ಟಡದ ಛಾವಣಿ ಸೋರಿಕೆಗೆ ಹಾಕುವ ಡಾಂಬರು ಟೇಪ್ ನೋಡಲು ಬ್ಯೂಟೈಲ್‌ನಂತೆಯೇ ಇರುತ್ತದೆ, ಅಗ್ಗವೂ ಹೌದು. 45 ಡಿಗ್ರಿ ಬಿಸಿಲಲ್ಲಿ ನಿಂತ ಗಾಡಿಯ ತಗಡಿನ ಮೇಲೆ ಅದು ಕರಗಿ ಜಾರುತ್ತದೆ, ವಾಸನೆ ಬಿಡುತ್ತದೆ. ಸೋಫಾಕ್ಕೆ ಹಾಕುವ ಸ್ಪಂಜು ನೀರು ಹೀರಿ ಅಡಿಯ ತಗಡಿಗೆ ತುಕ್ಕು ಹಿಡಿಸುತ್ತದೆ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ವಾಹನದೊಳಗಿನ ವಸ್ತುಗಳ ಉರಿಯುವಿಕೆಗೆ ಐಎಸ್ 15061 ಎಂಬ ಭಾರತೀಯ ಮಾನದಂಡವಿದೆ. ಅಂಗಡಿಯಲ್ಲಿ ಅದನ್ನು ಕೇಳಿ. ಎಂಜಿನ್ ಕಡೆಗೆ, ಅದರಲ್ಲೂ ಮ್ಯಾನಿಫೋಲ್ಡ್ ಮತ್ತು ಟರ್ಬೊ ಹತ್ತಿರ, ಅಂಟಿಸುವ ಯಾವ ಫೋಮ್ ಅನ್ನೂ ಹಾಕಬಾರದು. ವೈರಿಂಗ್ ಮತ್ತು ಫ್ಯೂಸ್ ಡಬ್ಬಿಯನ್ನು ಹೊದಿಕೆಯ ಅಡಿ ಹೂಳಬೇಡಿ. ಬಾಗಿಲಿನ ತಳದಲ್ಲಿ ನೀರು ಇಳಿಯುವ ಸಣ್ಣ ಕಂಡಿಗಳು ತೆರೆದೇ ಇರಲಿ.

ಎಸಿ ಇಲ್ಲದ ಗಾಡಿಯವರು ಮಾತ್ರ ಇನ್ನೊಮ್ಮೆ ಯೋಚಿಸಬೇಕು. 2025ರ ಅಕ್ಟೋಬರ್‌ನಿಂದ ಹೊಸ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಗಿದ್ದರೂ ಅದು 3.5 ಟನ್ ಮೀರಿದ ಒಟ್ಟು ತೂಕದ ಗಾಡಿಗಳಿಗೆ. ಅದಕ್ಕಿಂತ ಚಿಕ್ಕ ಪಿಕಪ್‌ಗಳು ಆ ನಿಯಮದ ಹೊರಗಿವೆ. ವರ್ಷದಲ್ಲಿ ಎಂಟು ತಿಂಗಳು ಗಾಜು ಇಳಿಸಿಯೇ ಓಡಿಸುವ ಗಾಡಿಗೆ ವಿನೈಲ್ ಹಾಸು ವ್ಯರ್ಥ, ಸದ್ದು ಕಿಟಕಿಯಿಂದಲೇ ಬರುತ್ತದೆ. ಅಂಥವರು ಇಡೀ ಹಣವನ್ನು ಮೌಂಟಿಂಗ್, ಸೈಲೆನ್ಸರ್, ಬೇರಿಂಗ್‌ಗೆ ಹಾಕಿದರೆ ಗಾಜು ತೆರೆದಿದ್ದರೂ ಪ್ರಯೋಜನ ಉಂಟು.

ಒಂದು ನಿರೀಕ್ಷೆಯನ್ನು ತಗ್ಗಿಸಿಕೊಳ್ಳಬೇಕು. ಸಮಾನ ಸದ್ದಿನ ಎರಡು ಮೂಲಗಳಿದ್ದಾಗ ಒಂದನ್ನು ಪೂರ್ತಿ ನಿಲ್ಲಿಸಿದರೂ ಮೀಟರ್ ಇಳಿಯುವುದು 3 ಡೆಸಿಬಲ್ ಮಾತ್ರ. ಮೊದಲ ರಿಪೇರಿಯ ನಂತರ 'ಏನೂ ಬದಲಾಗಲಿಲ್ಲ' ಅನಿಸುವುದು ಅದಕ್ಕೇ. ಆದರೆ ಮೇಲೆ ಹೇಳಿದ ಕಿವಿಯ ಲೆಕ್ಕದಲ್ಲಿ ಆ 3 ಡೆಸಿಬಲ್ ಎಂದರೆ ಅದೇ ಸುರಕ್ಷತೆಯಲ್ಲಿ ಎರಡು ಪಟ್ಟು ಹೊತ್ತು ಓಡಿಸಬಹುದಾದಷ್ಟು ವ್ಯತ್ಯಾಸ.

ಕರ್ನಾಟಕದಲ್ಲಿ ಕೊಳ್ಳುವವರಿಗೆ

ರಾಜಧಾನಿ ಪ್ರದೇಶದಲ್ಲಿ ಓಡಿಸಲಾಗದ ಡೀಸೆಲ್ ಗಾಡಿಗಳು ಎನ್‌ಒಸಿ ಪಡೆದು ಬೇರೆ ರಾಜ್ಯಗಳಿಗೆ ಹೋಗುತ್ತವೆ. ಅಂಥ ಗಾಡಿ ನಮ್ಮ ಕಡೆ ಮಾರಾಟಕ್ಕೆ ಬಂದಾಗ ಬೆಲೆ ಕಡಿಮೆ ಎಂದು ಆಸೆಯಾಗುವುದು ಸಹಜ. ನೋಡಲು ಹೋಗುವುದಾದರೆ ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಆರಲು ಬಿಡಿ. ಹತ್ತು ವರ್ಷದ ಪಿಕಪ್‌ನ ಕ್ಯಾಬಿನ್‌ನಲ್ಲಿ ಹೊಸ ಮ್ಯಾಟಿಂಗ್ ಮಿರಮಿರ ಹೊಳೆಯುತ್ತಿದ್ದರೆ, ಗಾಡಿ ಅನುಮಾನ ಬರುವಷ್ಟು ಮೌನವಾಗಿದ್ದರೆ, ಮ್ಯಾಟ್‌ನ ಒಂದು ಮೂಲೆ ಎತ್ತಿ ಚಾಲಕನ ಕಾಲಿನ ಕೆಳಗಿನ ತಗಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ತುಕ್ಕು ಮುಚ್ಚಲು ಶೀಟ್‌ಗಿಂತ ಸುಲಭದ ವಸ್ತು ಇನ್ನೊಂದಿಲ್ಲ.